ಗಿನಿ ಕೋಳಿ ಸಾಕಿ ಮರ್ಯಾದೆ ಕಳೆದುಕೊಂಡದ್ದು

ನನ್ನ ಉದ್ಯೋಗದಿಂದ ನನಗೆ ಅಂಟಿದ ಒಂದು ದೋಷವನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ನಾನು ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುವವನು. ನಟ್ಟು, ಬೋಲ್ಟು, ಬೇರಿಂಗು, ಗ್ರೀಸಿನ ಡಬ್ಬಿ, ಇವುಗಳ ನಡುವೆಯೇ ನನ್ನ ತಲೆ ನರೆತಿದೆ. ಒಂದು ವಸ್ತು ಇದ್ದ ಜಾಗದಲ್ಲಿ ಕಾಣದಿದ್ದರೆ ಉಳಿದವರ ತಲೆಯಲ್ಲಿ 'ಎಲ್ಲಿ ಹೋಯಿತು' ಎಂಬ ಪ್ರಶ್ನೆ ಏಳುತ್ತದೆ. ನನ್ನ ತಲೆಯಲ್ಲಿ ಏಳುವುದು 'ಯಾರು ಒಯ್ದರು' ಎಂದು. ಮನೆಯಲ್ಲಿ ಕನ್ನಡಕ ಕಾಣದಿದ್ದರೂ ನಾನು ಹೆಂಡತಿ ಸುಮಂಗಲಾಳ ಕಡೆ ನೋಡುತ್ತೇನೆ, ಅವಳು ನನ್ನ ಹಣೆಯ ಕಡೆ ನೋಡುತ್ತಾಳೆ, ಕನ್ನಡಕ ಅಲ್ಲಿರುತ್ತದೆ. ಇಷ್ಟು ವರ್ಷ ಈ ದೋಷದಿಂದ ಯಾರಿಗೂ ಹೇಳಿಕೊಳ್ಳುವಂಥ ನೋವಾಗಿರಲಿಲ್ಲ. ಹೋದ ವರ್ಷ ಗಿನಿ ಕೋಳಿ ಸಾಕಿದೆ. ಆಮೇಲೆ ಆಯಿತು.

ನಮ್ಮದು ಧಾರವಾಡ. ಕೆಲಸದ ಸಲುವಾಗಿ ಗೋವಾಕ್ಕೆ ಬಂದು ಮಡ್ಕಯಿಯ ಕೈಗಾರಿಕಾ ವಸಾಹತಿನ ಹತ್ತಿರ ಹಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇವೆ. ಸುತ್ತ ಕೆಂಪುಕಲ್ಲಿನ ಮೋಟು ಗೋಡೆ, ಹಿತ್ತಿಲಲ್ಲಿ ನಾಲ್ಕು ಗೇರು ಮರ, ಒಂದು ಬಾವಿ. ಹಿತ್ತಿಲ ಆಚೆ ತಗಡು ಹೊದಿಸಿದ ಐದು ಖೋಲಿಗಳು ಸಾಲಾಗಿವೆ. ಕೊನೆಯ ಖೋಲಿ ಶಾಂತವ್ವಳದು. ಸಿಂದಗಿ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ, ಇವಳು ವಸಾಹತಿನ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ. ನಮ್ಮ ಬಾವಿಯ ನೀರಿಗೆ ದಿನಕ್ಕೆರಡು ಸಲ ಬರುತ್ತಿದ್ದಳು. ಕೊಡ ತುಂಬುವುದಕ್ಕೆ ಐದು ನಿಮಿಷ, ಸುಮಂಗಲಾಳ ಜೊತೆ ಮಾತಿಗೆ ಅರ್ಧ ತಾಸು. ಹೊರಗೆಲ್ಲ ಕೊಂಕಣಿಯಲ್ಲಿ ತಡವರಿಸಿ ದಣಿದ ಇಬ್ಬರಿಗೂ ಆ ಅರ್ಧ ತಾಸು ತವರಿಗೆ ಹೋಗಿಬಂದಂತೆ. ಇಲ್ಲಿಂದ ಮಜ್ಜಿಗೆ ಅತ್ತ ಹೋದರೆ ಅಲ್ಲಿಂದ ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇತ್ತ ಬರುತ್ತಿದ್ದವು. ಆ ರೊಟ್ಟಿಯಲ್ಲಿ ಹೆಚ್ಚಿನ ಪಾಲು ನನ್ನ ಹೊಟ್ಟೆಗೇ ಹೋಗುತ್ತಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಗಿನಿ ಕೋಳಿಯ ವಿಚಾರ ಬಂದದ್ದು ಹಾವಿನಿಂದ. ಒಂದು ಮುಂಜಾನೆ ಸುಮಂಗಲಾ ಬಟ್ಟೆ ಹಾಕಲು ಹೋದಾಗ ವಾಷಿಂಗ್ ಮಷಿನ್ನಿನ ಹಿಂದಿನಿಂದ ಒಂದು ಕೇರೆ ಹಾವು ಸಾವಕಾಶವಾಗಿ ಹೊರಬಂದು, ಅವಳನ್ನೊಮ್ಮೆ ನೋಡಿ, ಮೋರಿಯ ಕಡೆ ಹೋಯಿತು. ಕೇರೆ ಹಾವಿಗೆ ವಿಷವಿಲ್ಲ ಎಂದು ನಾನು ತಿಳಿಸಿ ಹೇಳಿದೆ. ಆಕೆ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, "ಈ ಮನ್ಯಾಗ ಒಂದ ಹಾವು ಇರಬೇಕು, ಇಲ್ಲಾ ನಾ ಇರಬೇಕು. ಇಬ್ಬರೂ ಇರಾಕ ಆಗೂದಿಲ್ಲ" ಅಂದಳು. ಮರುದಿನ ಕ್ಯಾಂಟೀನಿನಲ್ಲಿ ಈ ಸಂಗತಿ ತೆಗೆದಾಗ ಯಾರೋ, "ಗಿನಿ ಕೋಳಿ ಸಾಕ್ರಿ, ಹಾವು ಹತ್ತಿರ ಸುಳಿಯೂದಿಲ್ಲ" ಎಂದರು. ನಾವು ಮೊಟ್ಟೆಯನ್ನೂ ಮುಟ್ಟದ ಮನೆತನದವರು. ಆದರೆ ಸಾಕುವುದಕ್ಕೂ ತಿನ್ನುವುದಕ್ಕೂ ಸಂಬಂಧವಿಲ್ಲವೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ದೀಪಾವಳಿಗೆ ಊರಿಗೆ ಹೋಗಿ ಬರುವಾಗ ಘಟ್ಟ ಇಳಿದು ಮೊಲೆಂನಲ್ಲಿ ಚಹಾಕ್ಕೆ ನಿಂತೆವು. ರಸ್ತೆಯ ಬದಿಗೆ ಒಬ್ಬ ಬಿದಿರಿನ ಬುಟ್ಟಿಯಲ್ಲಿ ಅವನ್ನೇ ಇಟ್ಟುಕೊಂಡು ಕೂತಿದ್ದ. ಎರಡು ತಿಂಗಳ ಮರಿಗಳು. ಮೈಗೆ ಚುಕ್ಕೆ ಸೀರೆ, ತಲೆ ಮಾತ್ರ ನಿವೃತ್ತ ಹೆಡ್‌ಮಾಸ್ತರರದು. ಆರು ಕೊಂಡೆ. ಮೊಲೆಂನಿಂದ ಮನೆಯ ತನಕ ಆರೂ ಉಸಿರು ಬಿಡದೆ ಕೂಗಿದವು. ಸುಮಂಗಲಾ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, "ಹಾವು ಸುಮ್ಮನ ಇತ್ತು" ಎಂದಷ್ಟೇ ಹೇಳಿದಳು.

ಹಿತ್ತಿಲಲ್ಲಿ ತಂತಿ ಜಾಳಿಗೆ ಬಡಿಸಿ ಒಂದು ಗೂಡು ಮಾಡಿಸಿದ್ದೆ. ಶಾಂತವ್ವ ನೀರಿಗೆ ಬಂದವಳು ಮರಿಗಳನ್ನು ನೋಡಿ ಕೊಡ ಕೆಳಗಿಟ್ಟಳು. "ಸಾಹೇಬ್ರ, ಇವನ್ನ ನಾ ಬಲ್ಲೆ. ಕೆಪೇ ಊರಾಗ ಒಬ್ಬರ ತ್ವಾಟದಾಗ ಎರಡು ವರ್ಷ ಕೆಲಸಕ್ಕಿದ್ವಿ, ಅಲ್ಲೆ ಇದ್ದುವು. ಆರು ವಾರ ಬಾಗಲಾ ತಗೀಬ್ಯಾಡ್ರಿ. ಇದ ತಮ್ಮ ಮನಿ ಅಂತ ಅವಕ್ಕ ತಿಳೀಬೇಕು. ಇಲ್ಲಂದ್ರ ಗಿಡಾ ಏರಿ ಕೂಡ್ತಾವ, ಇಳ್ಯೂದಿಲ್ಲ" ಎಂದಳು. ನಾನು ಆಗಲಿ ಎಂದು ತಲೆಯಾಡಿಸಿದೆ. ಅವಳು ಹೋದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಎಲ್ಲೋ ದೊಡ್ಡ ಹುಲ್ಲುಗಾವಲಿನಲ್ಲಿ ಒಬ್ಬಾತ ಸೀಟಿ ಹೊಡೆದರೆ ನೂರು ಗಿನಿ ಕೋಳಿ ಓಡಿ ಬರುತ್ತಿದ್ದವು. ನಾನೂ ಸೀಟಿ ಹೊಡೆಯಬಲ್ಲೆ. ಹತ್ತನೆಯ ದಿನ ಬಾಗಿಲು ತೆಗೆದೆ. ಆರೂ ಹೊರಬಂದು, ನನ್ನನ್ನು ಸುತ್ತುಹಾಕಿ ಹೋಗಿ ಅತಿ ಎತ್ತರದ ಗೇರು ಮರ ಹತ್ತಿ ಕೂತವು. ಮುಂಜಾನೆಯಿಂದ ಸಂಜೆಯವರೆಗೆ ತಾಟಿನಲ್ಲಿ ಕಾಳು ಹಿಡಿದು ಮರದ ಕೆಳಗೆ ಸೀಟಿ ಹೊಡೆದೆ. ದಾರಿಯಲ್ಲಿ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ತಿರುಗಿ ಕೆಟ್ಟದಾಗಿ ನೋಡಿದಳು. ಕಡೆಗೆ ಪಾಳಿ ಮುಗಿಸಿ ಬಂದ ಶಾಂತವ್ವ ಒಂದು ಡಬ್ಬಿಯಲ್ಲಿ ಜೋಳ ಹಾಕಿ ಗಲಗಲ ಅಲುಗಾಡಿಸುತ್ತ ಗೂಡಿನ ಕಡೆ ನಡೆದಳು. ಒಂದೊಂದಾಗಿ ಇಳಿದು ಅವಳ ಹಿಂದೆ ಹೋದವು. ಅವಳು 'ನಾ ಹೇಳಿದ್ದೆ' ಎನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಬೆಳೆದ ಮೇಲೆ ಅವುಗಳ ಸ್ವಭಾವ ತಿಳಿಯಿತು. ಕೂಗದೆ ಇರಲಾರವು. ಪೇಪರಿನವ ಬಂದರೆ ಕೂಗು, ಗ್ಯಾಸಿನವ ಬಂದರೆ ಕೂಗು, ಸುಮಂಗಲಾ ಹೊಸ ಸೀರೆ ಉಟ್ಟರೆ ಪರಕೀಯಳೆಂದು ಕೂಗು. ಗಿಡಕ್ಕೆ ನೀರು ಬಿಡುವ ಹಸಿರು ಪೈಪನ್ನು ಆರೂ ಸುತ್ತುಗಟ್ಟಿ ಅರ್ಧ ತಾಸು ಬೈದವು. ಹೆಣ್ಣು ಯಾವುದು ಗಂಡು ಯಾವುದು ಎಂದು ನೋಡಿದರೆ ತಿಳಿಯುವುದಿಲ್ಲ, ಕೂಗಿನಿಂದ ತಿಳಿಯಬೇಕು. ಗಂಡು ಒಂದೇ ಸಮನೆ ಚೀ ಚೀ ಎನ್ನುತ್ತದೆ. ಹೆಣ್ಣಿನದು ಮಾತ್ರ ಎರಡು ತುಂಡಿನ ಕೂಗು, ಕಡೆಗೆ ಸ್ವರ ಮೇಲೆ ಹೋಗುತ್ತದೆ. ನಮ್ಮ ಕಡೆಯವರ ಕಿವಿಗೆ ಅದು ಸ್ಪಷ್ಟವಾಗಿ 'ಯಾಕ್ರೀ? ಯಾಕ್ರೀ?' ಎಂದೇ ಕೇಳುತ್ತದೆ. ಹಾಗೆ ಮೂರು ಹೆಣ್ಣು, ಮೂರು ಗಂಡು ಎಂದು ಎಣಿಸಿದೆ. ಧಾರವಾಡದಿಂದ ಅವ್ವ ಫೋನು ಮಾಡಿದಾಗಲೇ ಅವುಗಳಿಗೆ ಹುರುಪು ಹೆಚ್ಚು. ಕೋಳಿ ಸಾಕಿದ್ದೇನೆಂದು ಅವ್ವನಿಗೆ ಹೇಳುವ ಎದೆಗಾರಿಕೆ ನನಗಿರಲಿಲ್ಲ. "ಏನೋ ಅದು ಸಪ್ಪಳ?" ಎಂದರೆ "ಬಾವಿ ರಾಟಿ" ಎಂದೆ. ಪ್ರತಿ ವಾರ ಅವ್ವ, "ಇನ್ನೂ ಎಣ್ಣಿ ಬಿಟ್ಟಿಲ್ಲೇನೋ ರಾಟಿಗೆ? ಭಾಳ ಆಲಸಿ ಆಗೀ ನೀ" ಎನ್ನುತ್ತಿದ್ದಳು. ಐವತ್ತೆರಡು ವರ್ಷದ ಗಂಡಸು ನಾನು.

ಬೇಸಿಗೆಯ ಕಡೆಯಲ್ಲಿ ಮೊಟ್ಟೆ ಇಡತೊಡಗಿದವು. ಗೂಡಿನಲ್ಲಲ್ಲ, ತಮಗೆ ತಿಳಿದಲ್ಲಿ, ಗಿಡದ ಬುಡದಲ್ಲಿ, ಕಟ್ಟಿಗೆಯ ಸಂದಿಯಲ್ಲಿ. ನಾವು ತಿನ್ನುವವರಲ್ಲ. ಸುಮಂಗಲಾ ಅವನ್ನು ಸ್ಟೀಲಿನ ಬಟ್ಟಲಲ್ಲಿಟ್ಟು ಶಾಂತವ್ವಳ ಇಬ್ಬರು ಹೆಣ್ಣುಮಕ್ಕಳಿಗೆ ಕಳಿಸುತ್ತಿದ್ದಳು. ಹೀಗೆ ಹದಿನೈದು ದಿನ ನಡೆಯಿತು. ಆಮೇಲೆ ಇದ್ದಕ್ಕಿದ್ದಂತೆ ಮೊಟ್ಟೆ ಸಿಗುವುದು ನಿಂತಿತು. ಮತ್ತೆ ಕೆಲವು ವಾರ ಕಳೆದು ಒಂದು ಸೋಮವಾರ ನೋಡುತ್ತೇನೆ, ಕೋಳಿ ಐದೇ ಇವೆ. ಒಂದು ಹೇಂಟೆ ಇಲ್ಲ.

ಇಲ್ಲಿಂದ ನನ್ನೊಳಗಿನ ಸ್ಟೋರ್ಸಿನವನು ಎದ್ದ. ನರಿ ಹಿಡಿದಿದ್ದರೆ ಪುಕ್ಕ ಚೆಲ್ಲಿರಬೇಕಿತ್ತು, ಚೆಲ್ಲಿಲ್ಲ. ನಾಯಿ ಹಿಡಿದಿದ್ದರೆ ಉಳಿದ ಐದೂ ಕೂಗಿ ಊರು ಎಬ್ಬಿಸುತ್ತಿದ್ದವು, ಎಬ್ಬಿಸಿಲ್ಲ. ಹಾಗಾದರೆ ಅವು ಹೆದರದವರೇ ಯಾರೋ ಒಯ್ದಿರಬೇಕು. ಅವು ಹೆದರದೆ ಹಿಂದೆ ಹೋಗುವುದು ಒಬ್ಬರ ಹಿಂದೆ ಮಾತ್ರ. ಖೋಲಿಗಳ ಕಡೆ ಸುಮ್ಮನೆ ಅಡ್ಡಾಡಿ ಬಂದೆ. ಶಾಂತವ್ವಳ ಬಾಗಿಲ ಮುಂದೆ ಒಂದು ಚುಕ್ಕೆ ಗರಿ ಬಿದ್ದಿತ್ತು. ದಿನಾ ಅವು ಅವಳ ಬಾಗಿಲಿಗೆ ಹೋಗಿ ಕಾಳು ತಿಂದು ಬರುತ್ತಿದ್ದವು, ನಮ್ಮ ಮನೆಯ ಮುಂದೆ ಅಂಥವೇ ನಲವತ್ತು ಗರಿ ಬಿದ್ದಿದ್ದವು, ಎಂಬುದು ನನಗೆ ಹೊಳೆಯಲಿಲ್ಲ. ಹಿಂದಿನ ದಿನ, ಅಂದರೆ ರವಿವಾರ, ಆ ಕಡೆಯಿಂದ ಮಸಾಲೆಯ ವಾಸನೆ ಬಂದದ್ದು ಹೊಳೆಯಿತು. ಐದು ಖೋಲಿಗಳಲ್ಲಿ ಅದು ಯಾವುದರಿಂದ ಬಂದಿತೆಂದು ಮೂಗು ಹೇಳಿರಲಿಲ್ಲ. ಮನಸ್ಸು ಹೇಳಿತು.

ಸಂಜೆ ಶಾಂತವ್ವ ನೀರಿಗೆ ಬಂದಳು. ನೇರವಾಗಿ ಕೇಳುವ ಧೈರ್ಯ ನನಗೆ ಎಂದೂ ಇಲ್ಲ, ಆಫೀಸಿನಲ್ಲೂ ಸುತ್ತಿ ಬಳಸಿಯೇ ಕೇಳುವವನು. ಬಾವಿಯ ಹತ್ತಿರ ಹೋಗಿ, ಗೇರಿನ ಎಲೆ ಹರಿಯುತ್ತ, ನಗುತ್ತ ಕೇಳಿದೆ.

"ಶಾಂತವ್ವ, ನಿನ್ನೆ ಏನ ಅಡಗಿ ಮಾಡಿದ್ದಿ?"

ಅವಳು ಮೊದಲು ಸಹಜವಾಗಿ, "ಹೆಸರಬ್ಯಾಳಿ ಸಾರು ರೀ" ಎಂದಳು. ಹಗ್ಗ ಎಳೆಯುತ್ತಿದ್ದ ಕೈ ಅರ್ಧಕ್ಕೆ ನಿಂತಿತು. ನನ್ನ ಮುಖ ನೋಡಿದಳು, ನನ್ನ ಬೆನ್ನ ಹಿಂದೆ ತಿರುಗುತ್ತಿದ್ದ ಐದು ಕೋಳಿ ನೋಡಿದಳು. ಹಗ್ಗ ಬಿಟ್ಟಳು. ಅರ್ಧ ತುಂಬಿದ ಕೊಡವನ್ನು ಅಲ್ಲೇ ಗಿಡಕ್ಕೆ ಸುರಿದು, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹೋದಳು.

ಮರುದಿನ ಮುಂಜಾನೆ ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಸ್ಟೀಲಿನ ಬಟ್ಟಲು ಇತ್ತು. ತಿಕ್ಕಿ ತೊಳೆದದ್ದು. ಅದರಲ್ಲಿ ಯಾವಾಗಲೋ ಕೊಟ್ಟು ಉಳಿದಿದ್ದ ಮೂರು ಮೊಟ್ಟೆ. ಸುಮಂಗಲಾ ಬಟ್ಟಲನ್ನು ಕೈಯಲ್ಲಿ ಹಿಡಿದು, ಏನು ನಡೆಯಿತೆಂದು ನನ್ನಿಂದ ಬಾಯಿ ಬಿಡಿಸಿದಳು. "ನಾನೇನೂ ಅಂದಿಲ್ಲ, ಏನ ಅಡಗಿ ಅಂತ ಕೇಳಿದ್ನಷ್ಟ" ಎಂದೆ. "ಇಷ್ಟು ವರ್ಷದಾಗ ಒಂದು ದಿನರ ಆಕಿ ಅಡಗಿ ಕೇಳೀರೇನು?" ಎಂದಳು. ರೊಟ್ಟಿ ತಿಂದಿದ್ದೆ. ಕೇಳಿರಲಿಲ್ಲ. ಅಂದಿನಿಂದ ಶಾಂತವ್ವ ರಸ್ತೆಯ ಆಚೆ, ತಿರುವಿನಲ್ಲಿದ್ದ ನಳಕ್ಕೆ ಹೋಗತೊಡಗಿದಳು. ಪಾಳಿ ಮುಗಿಸಿ ಬಂದು, ಎರಡು ಕೊಡ ಹೊತ್ತು, ನಮ್ಮ ಗೋಡೆಯ ಪಕ್ಕದಿಂದಲೇ ಹಾದು ಹೋಗುತ್ತಿದ್ದಳು. ನಾನು ಆ ಹೊತ್ತಿಗೆ ಒಳಗೆ ಪೇಪರು ಓದುತ್ತಿದ್ದೆ. ಒಂದೇ ಪುಟವನ್ನು. ಸುಮಂಗಲಾ ಅವಳ ಖೋಲಿಗೆ ಎರಡು ಸಲ ಹೋಗಿ ಬಂದಳು. ಅಲ್ಲೇನು ಮಾತಾಯಿತು ಎಂದು ನನಗೆ ಹೇಳಲಿಲ್ಲ. ನಮ್ಮಿಬ್ಬರ ನಡುವೆಯೂ ಮಾತು 'ಊಟ', 'ಹಾಲು', 'ಬಿಲ್' ಎಂಬ ಮೂರಕ್ಕೆ ಇಳಿಯಿತು. ಕೋಳಿಗಳು ಮಾತ್ರ ದಿನವಿಡೀ 'ಯಾಕ್ರೀ' ಎಂದು ಕೇಳುತ್ತಲೇ ಇದ್ದವು. ನನಗೂ ಸಿಟ್ಟು ಬಂದಿತ್ತು. ತಪ್ಪು ಮಾಡಿಲ್ಲದಿದ್ದರೆ ಮುನಿಸೇಕೆ ಎಂದು ಒಳಗೊಳಗೇ ವಾದ ಮಾಡುತ್ತಿದ್ದೆ. ಇಷ್ಟು ನಾಚಿಕೆಗೇಡಿನ ವಾದವನ್ನು ಬರೆಯಲೂ ಕೈ ಹಿಂಜರಿಯುತ್ತದೆ, ಆದರೆ ಮಾಡಿದ್ದು ಖರೆ.

ಮಳೆಗಾಲ ಹಿಡಿಯಿತು. ಸುಮಾರು ನಾಲ್ಕು ವಾರದ ಮೇಲೆ ಒಂದು ಮುಂಜಾನೆ ಮಳೆ ಬಿಟ್ಟಿತ್ತು, ನಾನು ಆಫೀಸಿಗೆ ಹೊರಟು ಸ್ಕೂಟರಿನ ಸೀಟು ಒರೆಸುತ್ತಿದ್ದೆ. ಗೋಡೆ ಕುಸಿದ ಮೂಲೆಯ ಪೊದೆಯಿಂದ ಗಿನಿ ಕೋಳಿಯೊಂದು ಹೊರಗೆ ಬಂತು. ಸೊರಗಿತ್ತು, ಮುಖದಲ್ಲಿ ಕೋಪವಿತ್ತು. ಅದರ ಹಿಂದೆ ನಿಂಬೆಹಣ್ಣಿನ ಗಾತ್ರದ, ಕಂದು ಪಟ್ಟೆಯ ಮರಿಗಳು ಒಂದು, ಎರಡು, ಹದಿನೇಳು. ಹೆಣ್ಣುಗಳು ಮೂರೂ ಸೇರಿ ಒಂದೇ ಕಡೆ ಗುಟ್ಟಾಗಿ ಮೊಟ್ಟೆ ಇಟ್ಟಿವೆ, ಇದೊಂದು ಕಾವಿಗೆ ಕೂತಿದೆ. ನಮ್ಮ ಅಡಿಗೆಮನೆಯ ಕಿಟಕಿಯಿಂದ ಆ ಪೊದೆಗೆ ಹದಿನೈದು ಹೆಜ್ಜೆ. ಆಮೇಲೆ ನಡೆದು ನೋಡಿದೆ. ಕಳೆದ ಮಾಲು ಸಿಕ್ಕಾಗ ಸ್ಟೋರ್ಸಿನಲ್ಲಿ ಆಗುವ ಖುಷಿ ಒಂದು ಕ್ಷಣ ಆಯಿತು. ಮರುಕ್ಷಣ ಬಟ್ಟಲು, ಮೂರು ಮೊಟ್ಟೆ, ಎರಡು ಕೊಡ, ಎಲ್ಲ ಒಟ್ಟಿಗೆ ನೆನಪಾಗಿ ಕೈಯಲ್ಲಿದ್ದ ಒರೆಸುವ ಬಟ್ಟೆಯಿಂದ ಮುಖ ಒರೆಸಿಕೊಂಡೆ.

ಆದರೆ ನಾಚಿಕೆಪಡುತ್ತ ನಿಲ್ಲಲು ಹೊತ್ತಿರಲಿಲ್ಲ. ಗಿನಿ ಕೋಳಿಗೆ ತಾಯಿತನದ ತಿಳಿವಳಿಕೆ ಕಡಿಮೆ. ಹಿಂದೆ ನೋಡದೆ ಒದ್ದೆ ಹುಲ್ಲಿನಲ್ಲಿ ದಡದಡ ನಡೆದೇ ನಡೆಯಿತು. ಮರಿಗಳು ಅದರ ಹಿಂದೆ ಓಡಲಾರದೆ ತೊಯ್ದು ತೊಪ್ಪೆಯಾಗಿ ಅಲ್ಲಲ್ಲೇ ಬೀಳತೊಡಗಿದವು. ಒಂದು ಮರಿ ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ಎತ್ತಿಕೊಂಡರೆ ಹಿಮದಂತೆ ತಣ್ಣಗೆ. ಸುಮಂಗಲಾ ಹೊರಗೆ ಬಂದವಳು ಕೋಳಿ ನೋಡಿದಳು, ನನ್ನನ್ನು ನೋಡಿದಳು.

"ಹೋಗಿ ಆಕೀನ ಕರೀರಿ."

"ನೀ ಹೋಗು" ಎಂದೆ.

"ಅಡಗಿ ಕೇಳಿದಾಕಿ ನಾನಲ್ಲ" ಎಂದಳು.

ಶಾಂತವ್ವಳ ಬಾಗಿಲಿಗೆ ಹೋಗುವ ತನಕ ಕ್ಷಮೆಯ ಮಾತನ್ನು ಮೂರು ರೀತಿಯಲ್ಲಿ ಜೋಡಿಸಿಕೊಂಡೆ. ಅವಳು ಊಟದ ಡಬ್ಬಿ ಕಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ, ನನ್ನ ಬಾಯಿಂದ ಬಂದದ್ದು, "ಶಾಂತವ್ವ, ಕೋಳಿ ಸಿಕ್ತು." ಜಗತ್ತಿನಲ್ಲಿ ಆ ಹೊತ್ತಿಗೆ ಆಡಬಾರದಿದ್ದ ಮಾತು ಒಂದಿದ್ದರೆ ಅದು ಅದೇ. ಅವಳು ಡಬ್ಬಿಯ ಮುಚ್ಚಳವನ್ನು ನಿಧಾನಕ್ಕೆ ಒತ್ತಿದಳು.

"ಮರಿ ಮಾಡೇತೇನ್ರಿ?"

"ಹದಿನೇಳು. ಹುಲ್ಲಾಗ ತೊಯ್ದು ಸಾಯಾಕತ್ತಾವ."

"ನನ್ನ ಪಾಳಿ ಎಂಟಕ್ಕೈತಿ" ಎಂದು ಗೋಡೆಗೆ ಹೇಳಿ, ಚಪ್ಪಲಿ ಮೆಟ್ಟದೆ ಹೊರಟಳು.

ಹುಲ್ಲಿನಲ್ಲಿ ಬಗ್ಗಿ ಬಗ್ಗಿ ಮರಿಗಳನ್ನು ಆಯ್ದು ಸೆರಗಿಗೆ ಹಾಕಿಕೊಂಡಳು. ಸೆರಗಿನೊಳಗೆ ಬಾಯಿ ಇಟ್ಟು ಬಿಸಿ ಉಸಿರು ಊದಿದಳು. ರಟ್ಟಿನ ಪೆಟ್ಟಿಗೆ, ಹಳೆಯ ಧೋತ್ರ, ಬಲ್ಬು ಎಂದು ಒಂದೊಂದೇ ಹೇಳಿದಳು. ನಾನು ಓಡಾಡಿದೆ. ತಾಟಿನ ತುಂಬ ನೀರು ತಂದಿಟ್ಟಾಗ, "ಅದರಾಗ ಮುಣಗಿ ಸಾಯ್ತಾವ್ರಿ. ಹರಳು ಹಾಕ್ರಿ ನೀರಾಗ, ಸಂದಿ ಸಂದಿ ಕುಡೀತಾವ" ಎಂದಳು. ಇಪ್ಪತ್ತಾರು ವರ್ಷ ನಾಲ್ಕು ಜನರಿಗೆ ಹುಕುಂ ಕೊಟ್ಟವನು ಅಂಗಳದಲ್ಲಿ ಕೂತು ಸಣ್ಣ ಕಲ್ಲಿನ ಹರಳು ತೊಳೆದೆ. ಬಲ್ಬಿನ ಕೆಳಗೆ ಒಂದೊಂದೇ ಮರಿ ತಲೆ ಎತ್ತಿತು. ಆರು ಮರಿ ಏಳಲೇ ಇಲ್ಲ. ಹನ್ನೊಂದು ಉಳಿದವು. ಅಷ್ಟರಲ್ಲಿ ಒಂಬತ್ತೂವರೆ ಆಗಿ ಅವಳ ಪಾಳಿ ತಪ್ಪಿತ್ತು.

ಅವಳು ಕೈ ತೊಳೆಯುತ್ತಿದ್ದಾಗ ಬಾವಿಯ ಹತ್ತಿರ ಹೋಗಿ ನಿಂತೆ. "ಅವತ್ತ ನಾ ಕೇಳಿದ್ದು ತಪ್ಪಾತು. ನೀವು ಮನಸಿಗೆ ಹಚ್ಕೋಬ್ಯಾಡ್ರಿ" ಎಂದೆ. ಶಾಂತವ್ವಳಿಗೆ ನಾನು 'ನೀವು' ಎಂದದ್ದು ಅದೇ ಮೊದಲು. ನನ್ನ ಕಿವಿಗೇ ಹೊಸ ಬೂಟಿನಂತೆ ಕಚ್ಚಿತು. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕೋಳಿ ಬಂದ ಮ್ಯಾಲ ತಪ್ಪಾತು ಅಂತೀರಿ ಸಾಹೇಬ್ರ. ಬರದ ಹೋಗಿದ್ರ?"

ಆ ಪೊದೆಗೆ ಒಂದು ನರಿ ಬಂದುಹೋಗಿದ್ದರೆ ಶಾಂತವ್ವ ನನ್ನ ಲೆಕ್ಕದಲ್ಲಿ ಸಾಯುವ ತನಕ ಕೋಳಿ ಕದ್ದವಳಾಗಿಯೇ ಉಳಿಯುತ್ತಿದ್ದಳು, ನಾನು ಮೋಸಹೋದ ಸಜ್ಜನನಾಗಿ ಉಳಿಯುತ್ತಿದ್ದೆ. "ಮರಿ ದೊಡ್ಡವಾದ ಮ್ಯಾಲ ನಾಲ್ಕು ನೀವು ಒಯ್ರಿ" ಎಂದೆ. "ಬ್ಯಾಡ್ರಿ. ನಿಮ್ಮ ಕೋಳಿ ನಿಮ್ಮಂಗಳದಾಗ ಇರಲಿ" ಎಂದು ಹೊರಟುಹೋದಳು.

ಮರಿಗಳನ್ನು ನೋಡಲು ಒಂದು ವಾರ ಬಂದಳು. ಆಮೇಲೆ ಕೊಡ ಹಿಡಿದು ನೀರಿಗೂ ಬರತೊಡಗಿದಳು. ಸುಮಂಗಲಾಳ ಜೊತೆ ಅರ್ಧ ತಾಸಿನ ಮಾತು ಮತ್ತೆ ಶುರುವಾಯಿತು. ನಾನು ಹೊರಗೆ ಬಂದರೆ ಮಾತು ನಿಲ್ಲುತ್ತದೆ. ಮಜ್ಜಿಗೆ ಅತ್ತ ಹೋಗುತ್ತದೆ, ಪಾತ್ರೆ ತೊಳೆದು ಇತ್ತ ಬರುತ್ತದೆ, ಖಾಲಿ. ರೊಟ್ಟಿ ಬಂದಿಲ್ಲ. ಯಾಕೆ ಬಂದಿಲ್ಲ ಎಂದು ಕೇಳುವ ಹಕ್ಕು ನನಗಿಲ್ಲ, ಅಡಿಗೆಯ ಬಗ್ಗೆ ನಾನು ಇನ್ನು ಯಾರನ್ನೂ ಏನೂ ಕೇಳುವುದಿಲ್ಲ.

ಇಷ್ಟಾದ ಮೇಲೆ ನಾನು ತಿದ್ದಿಕೊಂಡಿರಬೇಕು ಎಂದು ನೀವು ತಿಳಿಯುವುದು ಸಹಜ. ನಾನೂ ಹಾಗೇ ತಿಳಿದಿದ್ದೆ. ಹೋದ ರವಿವಾರ ನಮ್ಮ ಕಾರ್ಖಾನೆಯ ಲ್ಯಾಬಿಗೆ ಹೊಸದಾಗಿ ಬಂದ ಬೆಳಗಾವಿಯ ಕುಲಕರ್ಣಿ ಎಂಬಾತ ಮನೆಗೆ ಬಂದಿದ್ದ. ಅವನ ಬಾಡಿಗೆ ಮನೆಯಲ್ಲೂ ಹಾವು ಕಂಡಿದೆ, ಗಿನಿ ಕೋಳಿ ಸಾಕಬೇಕಂತೆ, ನನ್ನನ್ನು ಕೇಳಿದರೆ ಎಲ್ಲ ತಿಳಿಯುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದಾರೆ. ಹಿತ್ತಿಲಲ್ಲಿ ಕುರ್ಚಿ ಹಾಕಿಸಿದೆ. ಆರು ವಾರ ಬಾಗಿಲು ತೆಗೆಯಬಾರದು ಎಂದೆ. ಡಬ್ಬಿಯಲ್ಲಿ ಜೋಳ ಅಲುಗಾಡಿಸಿ ಕರೆಯಬೇಕು ಎಂದೆ. ಮರಿ ತೊಯ್ಯಬಾರದು, ನೀರಿನ ತಾಟಿಗೆ ಹರಳು ಹಾಕಬೇಕು ಎಂದೆ. ಅವನು ಮೊಬೈಲಿನಲ್ಲಿ ಬರೆದುಕೊಂಡ. "ಇಷ್ಟೆಲ್ಲಾ ಎಲ್ಲೆ ಕಲ್ತ್ರಿ ಸರ್?" ಎಂದು ಕೇಳಿದ. "ಅನುಭವ" ಎಂದೆ. ಹೇಳಿ ಕತ್ತು ತಿರುಗಿಸಿದರೆ ಬಾವಿಕಟ್ಟೆಯ ಹತ್ತಿರ ಶಾಂತವ್ವ ಕೊಡ ತುಂಬುತ್ತಿದ್ದಳು. ಯಾವಾಗ ಬಂದಳೋ. ಸುಮಂಗಲಾ ಅವಳ ಪಕ್ಕದಲ್ಲಿ ನಿಂತಿದ್ದಳು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಎಲ್ಲ ಕೇಳಿಸಿಕೊಂಡವರು ಹಾಗೆಯೇ ಮಾಡುತ್ತಾರೆ.

ಕುಲಕರ್ಣಿಯನ್ನು ಕಳಿಸಲು ಗೇಟಿನವರೆಗೆ ಹೋದೆ. ಈಗಲೇ ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿ, "ಖರೇ ಹೇಳಬೇಕಂದ್ರ ಇದು ಯಾವುದೂ ನಂದಲ್ಲ, ಇದನ್ನೆಲ್ಲಾ ನಂಗ ಹೇಳಿ ಕೊಟ್ಟಾಕಿ…" ಎಂದು ಶುರು ಮಾಡಿದೆ. ಅಷ್ಟರಲ್ಲಿ ಅವನು ಹೆಲ್ಮೆಟ್ ಹಾಕಿ ಗಾಡಿ ಚಾಲು ಮಾಡಿಬಿಟ್ಟಿದ್ದ.

"ಏನಂದ್ರಿ ಸರ್?" ಎಂದು ಹೆಲ್ಮೆಟ್ಟಿನೊಳಗಿಂದ ಕೂಗಿದ.

"ಏನಿಲ್ಲ, ಸಾವಕಾಶ ಹೋಗ್ರಿ ಅಂದೆ" ಎಂದು ಕೈ ಬೀಸಿದೆ. ಅವನು ತಿರುವು ದಾಟಿ ಕಣ್ಮರೆಯಾದ. ಬಾವಿಯ ಕಡೆ ತಿರುಗಲು ಧೈರ್ಯವಾಗದೆ, ಗೇಟಿನ ಚಿಲಕ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.